ಕ್ಯಾನ್ಸರ್‌ಗೆ ಹೊಸ ಇಂಜೆಕ್ಷನ್, ಹೊಸ ಚಿಕಿತ್ಸೆ ಬಂದಿವೆ. ಬಾದಾಮಿ ತಾಲೂಕಿನ ಜನರ ಕೈಗೆ ಎಟುಕೋದು ಯಾವುದು? ಇಲ್ಲಿದೆ ಪೂರ್ತಿ ಮಾಹಿತಿ

ಚೊಳಚಗುಡ್ಡ (ಬಾದಾಮಿ): "ಕ್ಯಾನ್ಸರ್‌ಗೆ ಔಷಧಿ ಸಿಕ್ಕೇಬಿಟ್ಟಿತು" ಅನ್ನೋ ಸುದ್ದಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಓಡಾಡ್ತಾ ಇರುತ್ತೆ. ಒಂದರಲ್ಲಿ 40 ಲಕ್ಷ ರೂಪಾಯಿಯ ಚಿಕಿತ್ಸೆ, ಇನ್ನೊಂದರಲ್ಲಿ ಬೇರು-ಸೊಪ್ಪಿನ ಕಷಾಯ. ಯಾವುದು ಖರೆ, ಯಾವುದು ಸುಳ್ಳು ಅನ್ನೋದು ಮನೆಯಲ್ಲಿ ಪೇಷಂಟ್ ಇದ್ದವರಿಗೆ ತಿಳಿಯೋದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 14.1 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿದೆ. ಅದೇ ವರ್ಷ 9.1 ಲಕ್ಷ ಜನ ಸತ್ತಿದ್ದಾರೆ. ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಮೊದಲನೇ ಸ್ಥಾನದಲ್ಲಿದೆ. ಹೆಣ್ಣುಮಕ್ಕಳಲ್ಲಿ ಸ್ತನದ ಕ್ಯಾನ್ಸರ್ ಮೊದಲು, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಮೇಲೆ. ಈ ಮೂರನ್ನೂ ದೊಡ್ಡ ಸ್ಕ್ಯಾನಿಂಗ್ ಇಲ್ಲದೆ, ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಅನುಮಾನ ಪತ್ತೆ ಮಾಡಬಹುದು. ಆದರೂ ತುಂಬಾ ಜನ ಆಸ್ಪತ್ರೆಗೆ ಬರೋದು ರೋಗ ಬಲಿತ ಮೇಲೆ.

ಇಮ್ಯುನೊಥೆರಪಿ ಅಂದ್ರೆ ಏನು?

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳು ದೇಹದ ಪೊಲೀಸರು ಇದ್ದ ಹಾಗೆ. ಬನಶಂಕರಿ ಜಾತ್ರೆಯಲ್ಲಿ ಕಿಸೆಗಳ್ಳನೊಬ್ಬ ಸ್ವಯಂಸೇವಕರ ಬ್ಯಾಡ್ಜ್ ಹಾಕಿಕೊಂಡು ಓಡಾಡಿದರೆ ಪೊಲೀಸರು ಅವನನ್ನ ಹಿಡಿಯಲ್ಲ. ಕ್ಯಾನ್ಸರ್ ಕಣವೂ ಹಾಗೇ ಮಾಡುತ್ತೆ. "ನಾನು ನಿಮ್ಮವನೇ" ಅಂತ ಸಿಗ್ನಲ್ ಕೊಟ್ಟು ಬಿಳಿ ಕಣಗಳಿಗೆ ಬ್ರೇಕ್ ಹಾಕುತ್ತೆ. ಆ ಬ್ರೇಕ್ ತೆಗೆಯೋ ಇಂಜೆಕ್ಷನ್ನೇ ಇಮ್ಯುನೊಥೆರಪಿ. ಈ ಬ್ರೇಕ್ ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ತೊಂದರೆ ಇರೋದು ರೇಟ್‌ನಲ್ಲಿ. ಪೂರ್ತಿ ಡೋಸ್‌ನ ಖರ್ಚು ಲಕ್ಷಗಟ್ಟಲೆ ಆಗುತ್ತೆ. ಇದಕ್ಕೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಒಂದು ದಾರಿ ಹುಡುಕಿದರು. ನಿವೊಲುಮ್ಯಾಬ್ ಅನ್ನೋ ಔಷಧಿಯನ್ನ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡ್ತಾರೆ. ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು, ಜೊತೆಗೆ ಕಡಿಮೆ ಬೆಲೆಯ ಮೂರು ಮಾತ್ರೆ ಸೇರಿಸಿದರು. ಬಾಯಿ, ಗಂಟಲು ಕ್ಯಾನ್ಸರ್ ಬಲಿತಿದ್ದ 151 ಜನರ ಮೇಲೆ ನಡೆದ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ದಾಟಿ ಬದುಕಿದವರು ಶೇ. 16.3. ಇಂಜೆಕ್ಷನ್ನೂ ಸಿಕ್ಕವರಲ್ಲಿ ಶೇ. 43.4.

ಇದು ರೋಗವನ್ನ ಪೂರ್ತಿ ವಾಸಿ ಮಾಡಿದ್ದಲ್ಲ, ಆಯುಷ್ಯ ಹೆಚ್ಚಿಸಿದ್ದು. ಆದರೆ "ಇನ್ನೇನೂ ಮಾಡೋಕಾಗಲ್ಲ" ಅಂತ ಕೈಬಿಡ್ತಿದ್ದ ಪೇಷಂಟ್‌ಗೆ ಕಡಿಮೆ ಖರ್ಚಿನಲ್ಲಿ ಒಂದು ದಾರಿ ಸಿಕ್ಕಿದೆ. ನಿಮ್ಮ ಮನೆಯವರಿಗೆ ಬಾಯಿ ಕ್ಯಾನ್ಸರ್ ಇದ್ದು, ದುಬಾರಿ ಇಂಜೆಕ್ಷನ್ ಬರೆದುಕೊಟ್ಟಿದ್ದರೆ "ಕಡಿಮೆ ಡೋಸ್‌ನ ಇಮ್ಯುನೊಥೆರಪಿ ಇವರಿಗೆ ಆಗುತ್ತಾ?" ಅಂತ ಕ್ಯಾನ್ಸರ್ ತಜ್ಞರನ್ನ ಕೇಳೋದರಲ್ಲಿ ತಪ್ಪೇನಿಲ್ಲ.

ಆ 40 ಲಕ್ಷದ ಚಿಕಿತ್ಸೆ ಯಾವುದು?

ಅದರ ಹೆಸರು ಕಾರ್-ಟಿ. ಪೇಷಂಟ್‌ನ ರಕ್ತ ತೆಗೆದು, ಅದರಲ್ಲಿನ ಟಿ-ಕಣಗಳನ್ನ ಬೇರೆ ಮಾಡ್ತಾರೆ. ಲ್ಯಾಬ್‌ನಲ್ಲಿ ಅವುಗಳ ಜೀನ್ ಬದಲಿಸಿ, ಕ್ಯಾನ್ಸರ್ ಕಣವನ್ನ ಗುರುತಿಸೋ ಹಾಗೆ ತಯಾರು ಮಾಡಿ, ಸಂಖ್ಯೆ ಹೆಚ್ಚಿಸಿ, ಮತ್ತೆ ಅದೇ ಪೇಷಂಟ್‌ಗೆ ಏರಿಸ್ತಾರೆ. ವಿದೇಶದಲ್ಲಿ ಇದಕ್ಕೆ 3ರಿಂದ 4 ಕೋಟಿ ಖರ್ಚು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಿಡುಗಡೆ ಮಾಡಿದರು. ಖರ್ಚು 40-50 ಲಕ್ಷದ ಆಸುಪಾಸಿಗೆ ಇಳಿಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ 2025ರ ಜನವರಿಯಲ್ಲಿ ತನ್ನದೇ ಕಾರ್-ಟಿ ತಂದಿದೆ.

ಒಂದು ಮಾತು ಗಮನದಲ್ಲಿರಲಿ: ಇದು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ, ಅದೂ ಬೇರೆ ಚಿಕಿತ್ಸೆ ಫಲಿಸದಿದ್ದಾಗ. ಬಾಯಿ, ಸ್ತನ, ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ ಇದು ಸದ್ಯ ಚಿಕಿತ್ಸೆ ಅಲ್ಲ. ಯಾರಾದರೂ ಹಾಗೆ ಹೇಳಿ ಹೊಲ-ಮನೆ ಮಾರೋಕೆ ಹೇಳಿದರೆ ನಂಬಬೇಡಿ.

'ಕರೆಂಟ್' ಕೊಡೋ ದಿನ ಕಡಿಮೆಯಾಗಿವೆ

ರೇಡಿಯೇಷನ್‌ಗೆ ನಮ್ಮ ಕಡೆ "ಕರೆಂಟ್ ಕೊಡೋದು" ಅಂತಾರೆ. ವಿದ್ಯುತ್‌ಗೂ ಇದಕ್ಕೂ ಸಂಬಂಧ ಇಲ್ಲ, ಶಾಕ್ ಹೊಡೆಯಲ್ಲ. ಎಕ್ಸ್-ರೇ ತರಹದ್ದೇ, ಆದರೆ ಹೆಚ್ಚು ಶಕ್ತಿಯ ಕಿರಣ. ಗಡ್ಡೆ ಇದ್ದ ಜಾಗಕ್ಕೆ ಗುರಿಯಿಟ್ಟು ಬಿಡ್ತಾರೆ.

ಸ್ತನದ ಕ್ಯಾನ್ಸರ್‌ಗೆ ಮೊದಲು ವಾರಕ್ಕೆ 5 ದಿನದಂತೆ 5 ವಾರ, ಅಂದರೆ 25 ಸಲ ಹೋಗಬೇಕಿತ್ತು. ಈಗ ಬಹಳಷ್ಟು ಜನರಿಗೆ 15 ಸಲದಲ್ಲಿ, 3 ವಾರದಲ್ಲಿ ಮುಗಿಯುತ್ತೆ. ಡಾಕ್ಟರಿಗೆ ಇದು ಸಂಶೋಧನೆಯ ವಿಷಯ, ಚೊಳಚಗುಡ್ಡದಿಂದ ಹೋಗೋ ಕೂಲಿ ಹೆಣ್ಣುಮಗಳಿಗೆ ಎರಡು ವಾರದ ಪಗಾರ ಉಳಿದ ಹಾಗೆ. ಬಾಯಿ ಮತ್ತು ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ ಮಾತ್ರ ಇವತ್ತಿಗೂ ಸಾಮಾನ್ಯವಾಗಿ 5ರಿಂದ 7 ವಾರ ಬೇಕು.

ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಹಳೆಯದು. ಬೆಳಗಾವಿಯಲ್ಲಿ ಕೆಎಲ್‌ಇಯ ಹೊಸ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆ ಆಗಿದೆ. ರಾಜ್ಯ ಸರ್ಕಾರದ ದೊಡ್ಡ ಆಸ್ಪತ್ರೆ ಅಂದರೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ. ಅದರ ಶಾಖೆ ಕಲಬುರಗಿಯಲ್ಲೂ ಇದೆ.

ಅರ್ಧಕ್ಕೆ ಬಿಟ್ಟರೆ ಹೊಸ ಔಷಧಿಯೂ ಕೆಲಸ ಮಾಡಲ್ಲ

ತಮಿಳುನಾಡಿನ ಸರ್ಜನ್ ಡಾ. ಆರ್. ರವಿ ಕಣ್ಣನ್ 2007ರಲ್ಲಿ ಚೆನ್ನೈ ಬಿಟ್ಟು ಅಸ್ಸಾಂನ ಸಿಲ್ಚರ್‌ನ ಕಛಾರ್ ಕ್ಯಾನ್ಸರ್ ಆಸ್ಪತ್ರೆಗೆ ಹೋದರು. ಅಲ್ಲಿ ಚಿಕಿತ್ಸೆ ಪೂರ್ತಿ ಮುಗಿಸ್ತಿದ್ದವರು ಬರೀ ಶೇ. 28. ಕಾರಣ ಔಷಧಿಯದ್ದಲ್ಲ. ದೂರ, ಬಸ್ ಚಾರ್ಜು, ಹೋದ ಕೂಲಿ. ಅವರು ಪೇಷಂಟ್ ಜೊತೆ ಬಂದವರಿಗೆ ಆಸ್ಪತ್ರೆಯಲ್ಲೇ ಕೆಲಸ ಕೊಟ್ಟರು, ಊಟ-ವಸತಿ ಕೊಟ್ಟರು, ಮನೆಗೇ ಹೋಗಿ ನೋಡಿದರು. ಚಿಕಿತ್ಸೆ ಮುಗಿಸಿದವರ ಪ್ರಮಾಣ ಶೇ. 70ಕ್ಕೆ ಏರಿತು. 2023ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಕಡೆಯ ಲೆಕ್ಕವೂ ಬೇರೆ ಇಲ್ಲ. ಇಲ್ಲಿಂದ ಹುಬ್ಬಳ್ಳಿಗೆ ನೂರು ಕಿ.ಮೀ.ಗೂ ಹೆಚ್ಚು. ಎರಡು ಕೀಮೋ ಆದ ಮೇಲೆ ಗಂಟು ಕರಗಿತು ಅಂತ ಮನೆಯಲ್ಲಿ ಕೂತರೆ, ಉಳಿದ ಕಣಗಳು ಮತ್ತೆ ಬೆಳೆದು ಅದೇ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಅದಕ್ಕೆ ಈ ಸೌಲಭ್ಯಗಳನ್ನ ಬಳಸಿಕೊಳ್ಳಿ:

* ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ತನಕ. ಆಧಾರ್, ರೇಷನ್ ಕಾರ್ಡ್ ಬೇಕು. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ತಗೊಳ್ಳಿ. ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ'ರನ್ನ ಕೇಳಿ.
* ರೈಲು: ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ಪೇಷಂಟ್‌ಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರೋ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಿಂದ ರಿಯಾಯಿತಿ ಪತ್ರ ತರಬೇಕು. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುತ್ತೆ.
* ಬಸ್: ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ.
* ಕೀಮೋ: ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋಥೆರಪಿ ಯೋಜನೆ ಶುರು ಮಾಡಿದೆ. ಮೊದಲ ಕೀಮೋ ದೊಡ್ಡ ಆಸ್ಪತ್ರೆಯಲ್ಲಿ, ಮುಂದಿನವು ಹತ್ತಿರದಲ್ಲಿ ಅನ್ನೋದು ಇದರ ಉದ್ದೇಶ. "ನಮಗೆ ಹತ್ತಿರದ ಕೇಂದ್ರ ಯಾವುದು?" ಅಂತ ಡಾಕ್ಟರನ್ನೇ ಕೇಳಿ.
* ಔಷಧಿ: 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಿಗಳ ಜಿಎಸ್‌ಟಿ ಸೊನ್ನೆ ಆಗಿದೆ, ಕ್ಯಾನ್ಸರ್ ಔಷಧಿಗಳೂ ಅದರಲ್ಲಿವೆ. ಬಿಲ್ ಕೇಳಿ ಪಡೆಯಿರಿ.

ಯಾವಾಗ ತೋರಿಸಬೇಕು?

ಬಾಯಿಯಲ್ಲಿ ಮೂರು ವಾರ ಆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ. ಮೂರು ಬೆರಳು ಉದ್ದಕ್ಕೆ ಹಿಡಿದರೆ ಬಾಯಿಯೊಳಗೆ ಹೋಗದಷ್ಟು ಬಿಗಿತ. ಸ್ತನದಲ್ಲಿ ನೋವಿಲ್ಲದ ಗಂಟು. ಮುಟ್ಟು ನಿಂತ ಮೇಲೆ ರಕ್ತಸ್ರಾವ, ವಾಸನೆಯ ಬಿಳಿ ಸೆರಗು. ಇವೆಲ್ಲ ಕ್ಯಾನ್ಸರೇ ಅಂತಲ್ಲ, ಆದರೆ ತೋರಿಸಲೇಬೇಕು. ಗಂಟಿನಲ್ಲಿ ನೋವಿಲ್ಲ ಅಂತ ಸುಮ್ಮನಿರಬೇಡಿ, ಶುರುವಿನಲ್ಲಿ ನೋವು ಇರೋದೇ ಅಪರೂಪ.

"ತುಂಡು ತೆಗೆದು ಟೆಸ್ಟ್ ಮಾಡಿದರೆ ರೋಗ ಹಬ್ಬುತ್ತೆ" ಅನ್ನೋ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದಕ್ಕೆ ಹೆದರಿ ತಡ ಮಾಡಬೇಡಿ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್, ಯಾವ ಔಷಧಿ ಅಂತ ತೀರ್ಮಾನ ಮಾಡೋಕೆ ಆಗಲ್ಲ.

30 ವರ್ಷ ದಾಟಿದವರಿಗೆ ಈ ಮೂರೂ ಕ್ಯಾನ್ಸರ್‌ನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ "ನಮಗೇನೂ ಆಗಿಲ್ಲ" ಅಂತ ಕಳಿಸಬೇಡಿ. ಗರ್ಭಕೋಶದ ಬಾಯಿ ಕ್ಯಾನ್ಸರ್ ತಡೆಯೋಕೆ ಎಚ್‌ಪಿವಿ ಲಸಿಕೆ ಇದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ನಮ್ಮ ದೇಶದ್ದೇ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಟ್ಟರೆ ಹೆಚ್ಚು ಫಲ.

ಅಂಗಡಿಕಾರರಿಗೆ ಗೊತ್ತಿರಲಿ

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರ ಮೇ 30ಕ್ಕೆ. ಆಮೇಲೆ ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಬಂತು. ಎರಡನ್ನೂ ಕಲಸಿ ಬಾಯಿಗೆ ಹಾಕಿದರೆ ಅದು ಗುಟ್ಕಾನೇ. ಮಾವಾ ಕೂಡ ಇದೇ ಜಾತಿ. ತಂಬಾಕು ಇಲ್ಲದ ಅಡಿಕೆ ಜಗಿಯೋದೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ವಿಭಾಗ 2004ರಲ್ಲೇ ಹೇಳಿದೆ.

ರಾಜ್ಯದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. 21 ವರ್ಷದೊಳಗಿನವರಿಗೆ, ಶಾಲೆ-ಕಾಲೇಜಿನ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ದಂಡ 1,000 ರೂ. ತನಕ. "ಅಪ್ಪಗ ಬೇಕಂತ" ಅಂತ ಹುಡುಗರು ಬಂದರೂ ಕೊಡೋಹಾಗಿಲ್ಲ. ಚೀಟಿನಲ್ಲಿ ಸಿಗೋ ಲಾಭ ಸಣ್ಣದು, ತಗೊಳ್ಳೋ ಹುಡುಗ ನಿಮ್ಮ ಓಣಿಯವನೇ.

ಮಕ್ಕಳು ಈ ಕ್ಷೇತ್ರಕ್ಕೆ ಹೋಗಬಹುದಾ?

ಕಲಬುರಗಿಯ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ತಾಯಿ ತರಕಾರಿ ಮಾರ್ತಿದ್ದರು. ಮಗಳ ಎಂಬಿಬಿಎಸ್‌ಗಾಗಿ ಮಂಗಳಸೂತ್ರ ಒತ್ತೆ ಹೋಯಿತು. ಆ ಮಗಳು ಕಿದ್ವಾಯಿಯಲ್ಲಿ ಸ್ತನ ಕ್ಯಾನ್ಸರ್ ಸರ್ಜನ್ ಆದರು, 2025ರಲ್ಲಿ ಪದ್ಮಶ್ರೀ ಪಡೆದರು.

ದಾರಿ ಉದ್ದ ಇದೆ: ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಅಥವಾ ಎಂಎಸ್ ಮೂರು, ಆಮೇಲೆ ಡಿಎಂ ಅಥವಾ ಎಂಸಿಎಚ್ ಮತ್ತೆ ಮೂರು. ರೇಡಿಯೇಷನ್ ತಜ್ಞರಿಗೆ ಎಂಡಿ ಸಾಕು. ಡಾಕ್ಟರ್ ಆಗದಿದ್ದರೂ ಕೆಲಸ ಇವೆ. ಪಿಯುಸಿ ಸೈನ್ಸ್ ಆದವರು ಬಿಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಬಹುದು. ಎಂಎಸ್ಸಿ ಫಿಸಿಕ್ಸ್ ಆದವರು ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದರೆ ರೇಡಿಯೇಷನ್ ಡೋಸ್ ಲೆಕ್ಕ ಹಾಕೋ ಮೆಡಿಕಲ್ ಫಿಸಿಸಿಸ್ಟ್ ಆಗ್ತಾರೆ. ಒಂದು ಮಷಿನ್ ಬಂತು ಅಂದರೆ ಇವರಿಲ್ಲದೆ ಅದು ಓಡಲ್ಲ.

ಇಟ್ಟುಕೊಳ್ಳಿ: ಆರೋಗ್ಯ ಸಹಾಯವಾಣಿ 104. ತಂಬಾಕು ಬಿಡೋಕೆ ಸಲಹೆ 1800-11-2356, ಕಾಲ್ ಪುಕ್ಕಟೆ. ಅನುಮಾನ ಇದ್ದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹಳೇ ರಿಪೋರ್ಟ್ ಎಲ್ಲ ಒಂದೇ ಫೈಲ್‌ನಲ್ಲಿ ಹಾಕಿಕೊಂಡು ಹೋಗಿ.