ಗೆದ್ದಲಿಗೂ ಚದರಡಿ ಲೆಕ್ಕ

ಬಾಗಿಲ ಚೌಕಟ್ಟಿನ ಪಕ್ಕ ಮಣ್ಣಿನ ಗೆರೆ ಎದ್ದರೆ ಇವತ್ತು ನಗರದವರು ಫೋನ್ ಮಾಡುವುದು ಪೆಸ್ಟ್ ಕಂಟ್ರೋಲ್‌ನವರಿಗೆ. ‘ಎಷ್ಟು ಸ್ಕ್ವೇರ್ ಫೀಟ್ ಸಾರ್?’ ಎಂದು ಅವರು ಕೇಳುತ್ತಾರೆ. ‘ಎಷ್ಟು ವರ್ಷ ವಾರಂಟಿ?’ ಎಂದು ನಾವು ಕೇಳುತ್ತೇವೆ. ವ್ಯಾಪಾರ ಕುದುರುವುದು ಈ ಎರಡು ಪ್ರಶ್ನೆಗಳ ಮೇಲೆ.

ಹಿಂದೆ ಇದು ಬೇರೆಯವರನ್ನು ಕರೆಸುವ ಕೆಲಸವಾಗಿರಲಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಮನೆ ಕಟ್ಟುವಾಗಲೇ ಒರಲೆಯ ಯೋಚನೆ ಇರುತ್ತಿತ್ತು: ಕಲ್ಲಿನ ಪಾಯ, ತೇಗ ಅಥವಾ ಹಲಸಿನ ಚೇಗು, ಮರಕ್ಕೆ ಗೇರುಸಿಪ್ಪೆಯ ಎಣ್ಣೆ. ಗೆರೆ ಕಂಡರೆ ಮನೆಯವರೇ ಕೆರೆದು ಸೀಮೆಎಣ್ಣೆ ಸುರಿಯುತ್ತಿದ್ದರು. ನಗರದ ಮನೆಗಳಿಗೆ ಅಗ್ಗದ ಮರ, ಪ್ಲೈವುಡ್, ಗೋಡೆಗೆ ಅಂಟಿದ ವಾರ್ಡ್‌ರೋಬ್ ಬಂದವು. ಕೆಲಸ ಮುಗಿದ ಮೇಲೆ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಪಾಯದ ಮಣ್ಣಿನಲ್ಲೇ ಮುಚ್ಚಿಬಿಡುವ ಅಭ್ಯಾಸವೂ ಬಂತು. ಗೆದ್ದಲಿಗೆ ಅದು ಮನೆಯೊಳಗೇ ಇಟ್ಟ ಎಡೆ.

ಎರಡನೇ ಮಹಾಯುದ್ಧದ ನಂತರ ಬಂದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಆಟವನ್ನೇ ಬದಲಿಸಿದವು. ಮನೆ ತಿನ್ನುವ ಗೆದ್ದಲು ಹೆಚ್ಚಾಗಿ ನೆಲದಡಿಯಿಂದ, ತೇವ ಹಿಡಿದುಕೊಂಡು ಮೇಲೆ ಬರುವಂಥದ್ದು. ಮರಕ್ಕೆ ಬಳಿಯುವ ಬದಲು ಮಣ್ಣಿಗೇ ವಿಷ ಕುಡಿಸಿದರೆ ಅದರ ದಾರಿ ಕಟ್ಟಾಗುತ್ತದೆ. ಈ ವಿಷಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿದವು. ಆ ಗುಣವೇ ಅವಕ್ಕೆ ಮುಳುವಾಯಿತು: ನೀರು, ಆಹಾರ, ಮನುಷ್ಯರ ಕೊಬ್ಬಿನಲ್ಲೂ ಅವು ಸೇರಿಕೊಂಡವು. 1996ರಲ್ಲಿ ಭಾರತ ಮೂರನ್ನೂ ನಿಷೇಧಿಸಿತು. ಆ ಜಾಗಕ್ಕೆ ಕ್ಲೋರ್‌ಪೈರಿಫಾಸ್, ಆಮೇಲೆ ಇಮಿಡಾಕ್ಲೋಪ್ರಿಡ್ ಬಂದವು. 2025ರಲ್ಲಿ ಕ್ಲೋರ್‌ಪೈರಿಫಾಸ್ ಕೂಡ, ಕೆಲವು ವಿನಾಯಿತಿಗಳೊಂದಿಗೆ, ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿ ಸೇರಿತು.

ಹೊಸ ಔಷಧಗಳು ಹಳೆಯವುಗಳಷ್ಟು ಕಾಲ ಮಣ್ಣಿನಲ್ಲಿ ನಿಲ್ಲುವುದಿಲ್ಲ. ವಾರಂಟಿಯ ಮಾತು ಇಷ್ಟು ಜೋರಾಗಿರುವುದರ ಹಿಂದೆ ಇದೂ ಇದೆ: ಮಣ್ಣು ಕೊಡುತ್ತಿದ್ದ ಭರವಸೆಯನ್ನು ಈಗ ಕಾಗದ ಕೊಡಬೇಕು.

ಕೆಲಸದ ಕ್ರಮಕ್ಕೆ ಮಾತ್ರ ಬಹಳ ಹಿಂದೆಯೇ ಲಿಖಿತ ನಿಯಮ ಸಿಕ್ಕಿದೆ. ಐಎಸ್ 6313 ಎಂಬ ಭಾರತೀಯ ಮಾನಕದ ಮೂರನೇ ಭಾಗ ಈಗಾಗಲೇ ಕಟ್ಟಿದ ಮನೆಗಳದ್ದು. ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು 300 ಮಿಲಿಮೀಟರಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆಯಬೇಕು. ಮಣ್ಣು ಇನ್ನು ಹೀರದು ಎನ್ನುವವರೆಗೆ, ಹೆಚ್ಚೆಂದರೆ ತೂತಿಗೆ ಒಂದು ಲೀಟರ್, ದ್ರಾವಣ ಬಿಡಬೇಕು.

ಈ ನಿಯಮ ಕೈಯಲ್ಲಿದ್ದರೆ ಚೌಕಾಸಿಯ ಲೆಕ್ಕವೇ ಬೇರೆ. 10 ಅಡಿಗೆ 12 ಅಡಿಯ ಕೋಣೆಯ ಸುತ್ತಳತೆ 44 ಅಡಿ. ತೂತುಗಳೂ ಹೆಚ್ಚುಕಡಿಮೆ 44, ದ್ರಾವಣ 44 ಲೀಟರಿನವರೆಗೆ. ಶೇ 20ರ ಕ್ಲೋರ್‌ಪೈರಿಫಾಸ್ ಅನ್ನು ಶೇ 1ಕ್ಕೆ ಇಳಿಸಲು ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಬೇಕು. ಅಂದರೆ ಈ ಒಂದು ಕೋಣೆಗೇ ಎರಡು ಲೀಟರಿಗೂ ಮಿಕ್ಕಿ ಔಷಧ ಬೇಕಾದೀತು. ಇಡೀ ಮನೆಗೆ ಒಂದು ಡಬ್ಬಿ ಹಿಡಿದು ಬಂದವನು ದರದಲ್ಲಿ ಅರ್ಧ ಬಿಟ್ಟರೂ ಅದು ದುಬಾರಿ. ನಾವು ಹಟ ಹಿಡಿದು ಇಳಿಸಿದ ರೂಪಾಯಿ ಎಷ್ಟೋ ಸಲ ಡ್ರಮ್ಮಿನಲ್ಲಿ ನೀರಾಗಿ ಸೇರಿರುತ್ತದೆ.

ಹಾಗಾಗಿ ದರಕ್ಕಿಂತ ಮೊದಲು ಔಷಧದ ಹೆಸರು, ತೂತುಗಳ ಅಂತರ, ಲೀಟರಿನ ಲೆಕ್ಕ ಬರೆಸಿಕೊಳ್ಳಬೇಕು. ಕೀಟನಾಶಕ ಕಾಯ್ದೆಯಡಿಯ ಪರವಾನಗಿ ಕೇಳಬೇಕು. ಸೀಲ್ ಒಡೆಯುವುದು, ನೀರು ಬೆರೆಸುವುದು ನಮ್ಮ ಕಣ್ಣೆದುರೇ ಆಗಬೇಕು. ಸಂಪ್, ಬಾವಿ ಎಲ್ಲಿವೆ, ನೆಲದಡಿ ಪೈಪು, ವೈರು ಎಲ್ಲಿ ಹಾದಿವೆ ಎಂದು ಡ್ರಿಲ್ ಶುರುವಾಗುವ ಮೊದಲೇ ತೋರಿಸುವುದು ಮನೆಯವರ ಕೆಲಸ. ಗೋಡೆಯೊಳಗೆ ಪೈಪು ಸೋರುತ್ತಿದ್ದರೆ ಮೊದಲು ಪ್ಲಂಬರನ್ನೇ ಕರೆಸುವುದು ಲೇಸು. ತೇವ ಉಳಿದರೆ ಗೆದ್ದಲೂ ಉಳಿಯುತ್ತದೆ.

ಕೊನೆಗೆ ವಾರಂಟಿ. ಸಾಮಾನ್ಯವಾಗಿ ಅದರ ಅರ್ಥ, ಗೆದ್ದಲು ಮತ್ತೆ ಕಂಡರೆ ಬಂದು ಔಷಧ ಬಿಡುತ್ತೇವೆ ಎಂದಷ್ಟೆ. ತಿಂದುಹಾಕಿದ ಬಾಗಿಲಿಗೆ ಅದು ಜವಾಬ್ದಾರಿಯಲ್ಲ. ಐದು ವರ್ಷವೋ ಹತ್ತು ವರ್ಷವೋ ಎಂದು ಜಗ್ಗಾಡುವ ಬದಲು, ಕರೆದರೆ ಎಷ್ಟು ದಿನದಲ್ಲಿ ಬರುತ್ತೀರಿ, ವರ್ಷಕ್ಕೆ ಎಷ್ಟು ಸಲ ಬಂದು ನೋಡುತ್ತೀರಿ ಎಂಬುದನ್ನು ಬರೆಸಿಕೊಂಡರೆ ಆ ಕಾಗದ ಉಪಯೋಗಕ್ಕೆ ಬರುತ್ತದೆ.