ತೋಟದ ಮಕ್ಕಳು, ಕಾನೂನಿನ ಮಾತು: ಆರು ತಪ್ಪು ಕಲ್ಪನೆಗಳು

ಮೂಡಿಗೆರೆ, ಕಳಸದ ಕಡೆ ಕಾಫಿ ಕುಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಅರೇಬಿಕಾ ಮುಗಿದು, ರೋಬಸ್ಟಾವೂ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ದೇವರಮನೆ ಬೆಟ್ಟದ ಸುತ್ತಮುತ್ತಲ ತೋಟಗಳ ಲೈನು ಮನೆಗಳು ತುಂಬುವುದು ಆಗಲೇ. ಬಯಲುಸೀಮೆಯವರು, ಈಚೆಗೆ ಅಸ್ಸಾಮಿನಷ್ಟು ದೂರದವರು ಕೂಡ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಮಕ್ಕಳ ಕಾನೂನಿನ ಮಾತು ಎದ್ದರೆ ಮಾತ್ರ ಎಲ್ಲರೂ ಗಪ್‌ಚುಪ್. ‘ಕೇಸು’, ‘ಸಮಿತಿ’, ‘ಬಾಲಮಂದಿರ’ ಎಂದರೆ ತಮ್ಮ ಮೇಲೇನೋ ಬಂತು ಎಂಬ ದಿಗಿಲು. ಆ ದಿಗಿಲಿಗೆ ಕಾರಣ ಬಹುಪಾಲು ತಪ್ಪು ತಿಳಿವಳಿಕೆ. ಈ ಕಾನೂನುಗಳಲ್ಲಿ ಮಗುವಿಗೆ ಕೊಟ್ಟಿರುವ ಒಂದೊಂದು ಹೆಸರೂ ಯಾರಾದರೂ ದೊಡ್ಡವರ ತಲೆಯ ಮೇಲೆ ಒಂದು ಕೆಲಸ ಹೊರಿಸುತ್ತದೆ. ಹಾಗೆ ನೋಡಿದರೆ ಅರ್ಧ ಗೊಂದಲ ತೀರುತ್ತದೆ.

ತಪ್ಪು ಕಲ್ಪನೆ 1: ಹದಿನಾಲ್ಕು ತುಂಬಿದರೆ ಕಾನೂನಿನ ಲೆಕ್ಕದಲ್ಲಿ ಮಗು ಅಲ್ಲ.

ಸತ್ಯ: 2015ರ ಬಾಲನ್ಯಾಯ ಕಾಯ್ದೆಗೂ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೋ ಕಾಯ್ದೆಗೂ 18 ತುಂಬದವರೆಲ್ಲ ಮಕ್ಕಳೇ. ಹುಡುಗ, ಹುಡುಗಿ ಎಂಬ ಭೇದವೂ ಇಲ್ಲ. 14ರ ಗೆರೆ ಬರುವುದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮತ್ತು ದುಡಿಮೆಯ ಕಾನೂನಿನಲ್ಲಿ. 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರು ‘ಕಿಶೋರರು’. ಅವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹದಿನೈದರ ಹುಡುಗ ಕೆಲವು ಕೆಲಸ ಮಾಡಬಹುದು ಎಂದ ಮಾತ್ರಕ್ಕೆ ಅವನ ಉಳಿದ ರಕ್ಷಣೆ ಹೋಗಿಬಿಡುವುದಿಲ್ಲ. ಇನ್ನು ಶಾಲೆಯ ಮಾತು: 6ರಿಂದ 14 ವರ್ಷದ ಮಗುವಿಗೆ ಜನನ ಪ್ರಮಾಣಪತ್ರ ಇಲ್ಲ, ಟಿ.ಸಿ. ಬಂದಿಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ. ಕುಯ್ಲಿನ ನಡುವೆ ಬೇರೆ ರಾಜ್ಯದಿಂದ ಬಂದಿಳಿದ ಮಗುವಿಗೂ ಇದೇ ನಿಯಮ.

ತಪ್ಪು ಕಲ್ಪನೆ 2: ಅಮ್ಮನ ಜೊತೆ ಹಣ್ಣು ಕುಯ್ದರೆ ಅದು ಬಾಲದುಡಿಮೆ ಅಲ್ಲ, ಮನೆಗೆ ನೆರವು.

ಸತ್ಯ: ಈ ನಂಬಿಕೆಗೆ ಕಾನೂನಿನಲ್ಲೇ ಅರ್ಧ ಆಧಾರವಿದೆ, ಅದಕ್ಕೇ ಇದು ಅಲುಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ಕುಟುಂಬಕ್ಕೆ ನೆರವಾಗಬಹುದು ಎಂದು 2016ರ ತಿದ್ದುಪಡಿ ಹೇಳುವುದು ನಿಜ. ಆದರೆ 2017ರ ಕೇಂದ್ರ ನಿಯಮಗಳು ಅದಕ್ಕೆ ಷರತ್ತು ಹಾಕಿವೆ. ಆ ಉದ್ಯಮ ಕುಟುಂಬದ ಕೈಯಲ್ಲೇ ಇರಬೇಕು. ಮಗುವಿನ ಕೆಲಸದಿಂದ ಮಗುವಿಗಾಗಲಿ, ಮನೆಯವರಿಗಾಗಲಿ ಸಂಪಾದನೆ ಬರುವಂತಿರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು.

ಈಗ ತೋಟದ ಲೆಕ್ಕ ನೋಡಿ. ಕುಯ್ಲಿನಲ್ಲಿ ಬಹಳ ಕಡೆ ಕೂಲಿ ಕೆ.ಜಿ. ಮೇಲೆ. ಸಂಜೆ ತೂಕಕ್ಕೆ ಇಟ್ಟ ತಾಯಿಯ ಚೀಲದಲ್ಲಿ ಮಗ ಕೆಳಗಿನ ಕೊಂಬೆಯಿಂದ ಕಿತ್ತದ್ದು, ಮಗಳು ಗಿಡದ ಬುಡದಲ್ಲಿ ಆಯ್ದದ್ದು ಎಲ್ಲವೂ ಸೇರಿರುತ್ತದೆ. ರೈಟರು ಪುಸ್ತಕದಲ್ಲಿ ಬರೆದುಕೊಳ್ಳುವುದು ತಾಯಿಯ ಹೆಸರು, ಒಟ್ಟು ತೂಕ. ಹಾಜರಿಯಲ್ಲಿ ಮಗುವಿನ ಹೆಸರೇ ಇಲ್ಲ, ಮತ್ತೆಲ್ಲಿಯ ಬಾಲಕಾರ್ಮಿಕ ಎಂಬುದು ಎಲ್ಲರ ವಾದ. ಆದರೆ ತೋಟ ಸಾಹುಕಾರರದು, ಮಗು ಕಿತ್ತ ಹಣ್ಣು ಕೂಲಿಯಾಗಿ ಬದಲಾಗಿದೆ. ಮೊದಲ ಎರಡೂ ಷರತ್ತು ಅಲ್ಲೇ ಮುರಿದವು. ಕೆಲಸಕ್ಕೆ ಹಚ್ಚಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆ, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ತಂದೆತಾಯಿಗೆ ಮೊದಲ ಸಲಕ್ಕೆ ಶಿಕ್ಷೆ ಇಲ್ಲ. ಬಡ ತಾಯಿಯನ್ನು ಜೈಲಿಗೆ ಹಾಕುತ್ತಾರೆಂದು ಹೆದರಿಸುವವರು ಇದನ್ನು ಹೇಳುವುದಿಲ್ಲ.

ತಪ್ಪು ಕಲ್ಪನೆ 3: ‘ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು’ ಎಂದರೆ ಅನಾಥ ಮಗು. ಸಮಿತಿಗೆ ತಿಳಿಸಿದರೆ ಬಾಲಮಂದಿರಕ್ಕೆ ಹೊತ್ತೊಯ್ಯುತ್ತಾರೆ.

ಸತ್ಯ: ಅಪ್ಪ ಅಮ್ಮ ಇಬ್ಬರೂ ಇದ್ದು ಈ ಪಟ್ಟಿಗೆ ಸೇರುವ ಮಕ್ಕಳೇ ಬೇಕಾದಷ್ಟಿದ್ದಾರೆ. ಕಾನೂನು ಮೀರಿ ದುಡಿಯುತ್ತಿರುವ ಮಗು, ಮನೆ ಬಿಟ್ಟು ಬಂದ ಮಗು, ತನಗೆ ಹಿಂಸೆ ಕೊಡುವವರ ಜೊತೆಗೇ ಇರುವ ಮಗು, ವಯಸ್ಸು ತುಂಬುವ ಮೊದಲೇ ಮದುವೆಗೆ ತಯಾರಿ ನಡೆದಿರುವ ಹುಡುಗಿ, ಎಲ್ಲರೂ ಇದರಲ್ಲಿ ಬರುತ್ತಾರೆ. ಅಂಥ ಮಗುವನ್ನು 24 ಗಂಟೆಯೊಳಗೆ (ಪ್ರಯಾಣದ ಹೊತ್ತು ಬಿಟ್ಟು) ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರ ಇವರದಲ್ಲ, ಅದು ಬಾಲನ್ಯಾಯ ಮಂಡಳಿಯದು. ಇವೆರಡನ್ನು ಕಲಸಿಕೊಂಡಿದ್ದರಿಂದಲೇ ‘ಸಮಿತಿ’ ಎಂದರೆ ಪೊಲೀಸ್ ಠಾಣೆಯೆಂಬ ಭಾವನೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಬರೆದಿದೆ. ಗಂಡ ಸತ್ತ ತಾಯಿ, ವಾಸಿಯಾಗದ ಕಾಯಿಲೆ ಹಿಡಿದ ತಂದೆ, ಇಂಥ ಮನೆಗಳಲ್ಲಿ ಮಗು ಮನೆಯಲ್ಲೇ ಉಳಿಯಲಿ ಎಂದು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುವ ದಾರಿ ಇದೆ. ಅದಕ್ಕೂ ಇದೇ ಬಾಗಿಲು ತಟ್ಟಬೇಕು.

ತಪ್ಪು ಕಲ್ಪನೆ 4: ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರೆ ದತ್ತು ಆಯಿತು.

ಸತ್ಯ: ಆಗುವುದಿಲ್ಲ. ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ಮಗು ‘ದತ್ತು ಮುಕ್ತ’ ಎಂದು ಮೊದಲು ಸಮಿತಿ ಘೋಷಿಸಬೇಕು. ಕೊನೆಯ ಆದೇಶ 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಯದು. ಹಿಂದೂಗಳಿಗೆ 1956ರ ದತ್ತಕ ಕಾಯ್ದೆಯೂ ಇದೆ. ಅಲ್ಲಿ ಮಗುವನ್ನು ಕೊಡುವ ಹಕ್ಕು ತಂದೆತಾಯಿಗೆ, ಇಲ್ಲವೇ ಕೋರ್ಟಿನ ಅನುಮತಿ ಪಡೆದ ಪೋಷಕರಿಗೆ ಮಾತ್ರ. ಹಣದ ಮಾತೇ ಕೂಡದು. ಮೇಸ್ತ್ರಿಯೋ, ಆಸ್ಪತ್ರೆಯ ಆಯಾಳೋ ನಡುವೆ ನಿಂತು ದುಡ್ಡು ಕೈ ಬದಲಾಯಿಸಿದರೆ ಅದು ಮಗುವಿನ ಮಾರಾಟ, 5 ವರ್ಷದವರೆಗೆ ಕಠಿಣ ಸಜೆ (ಆಸ್ಪತ್ರೆಯ ಸಿಬ್ಬಂದಿಯಾದರೆ 3ರಿಂದ 7 ವರ್ಷ). ನಿಜಕ್ಕೂ ಸಾಕಲಾಗದ ತಾಯಿ ಮಗುವನ್ನು ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಲು ಅವಳಿಗೆ ಎರಡು ತಿಂಗಳ ಕಾಲಾವಕಾಶವೂ ಇದೆ.

ತಪ್ಪು ಕಲ್ಪನೆ 5: ತಾಳಿ ಬಿದ್ದ ಮೇಲೆ ಮುಗೀತು, ಬೇಕಾದರೆ ದಂಡ ಕಟ್ಟಿದರಾಯಿತು.

ಸತ್ಯ: ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಬೇರೆ. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ‘ರದ್ದುಪಡಿಸಬಹುದಾದ’ ಮದುವೆ. ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಹಾಗಲ್ಲ. 2010ರಲ್ಲಿ ಮುತ್ತಮ್ಮ ದೇವಯ್ಯ ಪ್ರಕರಣದಲ್ಲಿ ಹೈಕೋರ್ಟ್ ಕೊಟ್ಟ ನಿರ್ದೇಶನದಿಂದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ರಚನೆಯಾಯಿತು, 2011ರಲ್ಲಿ ವರದಿ ಬಂತು. ಆಮೇಲಿನ ರಾಜ್ಯ ತಿದ್ದುಪಡಿಗೆ 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಲ್ಲಿಂದೀಚೆಗೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಕಾನೂನಿನ ಕಣ್ಣಿನಲ್ಲಿ ಮದುವೆ ಆಗಿಯೇ ಇಲ್ಲ. ಕರ್ನಾಟಕದ ಈ ದಾರಿಯನ್ನು ಬೇರೆ ರಾಜ್ಯಗಳೂ ಹಿಡಿದರೆ ಒಳ್ಳೆಯದು ಎಂದು ಸುಪ್ರೀಂ ಕೋರ್ಟೇ 2017ರ ಅಕ್ಟೋಬರಿನಲ್ಲಿ ಹೇಳಿತು. ಮದುವೆ ಮಾಡಿಸಿದವರ ಮೇಲಿನ ಕೇಸು ಮಾತ್ರ ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ 6: ಪೋಕ್ಸೋ ವಿಷಯವನ್ನು ತೋಟದೊಳಗೇ ರಾಜಿ ಮಾಡಿ ಮುಗಿಸಬಹುದು.

ಸತ್ಯ: ಸಾಹುಕಾರರ ಜಗುಲಿಯಲ್ಲಿ ಪಂಚಾಯಿತಿ ಕೂರಿಸಿ, ಹುಡುಗಿಯ ಮನೆಯವರಿಗೆ ಒಂದಿಷ್ಟು ಹಣ ಕೊಡಿಸಿ, ತಪ್ಪು ಮಾಡಿದವನನ್ನು ಊರಿಗೆ ಕಳಿಸಿದರೆ ಮಾನ ಉಳಿಯಿತು ಎಂದು ನಂಬಿದವರಿದ್ದಾರೆ. ಇದು ರಾಜಿಯಾಗುವ ಅಪರಾಧವೇ ಅಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬ ಹುಡುಗಿಯ ತಂದೆಯೊಡನೆ ರಾಜಿ ಮಾಡಿಕೊಂಡ, ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿ ಕೇಸಿಗೆ ಮತ್ತೆ ಜೀವ ಕೊಟ್ಟಿತು. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ ಸಜೆಯಾಗಬಹುದು. ಅಪರಾಧ ಮಾಡಿದವನು ತನ್ನ ಕೈಕೆಳಗಿನವನಾಗಿದ್ದು ಸಂಸ್ಥೆ ನಡೆಸುವವನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಗು ಹೇಳಲಿಲ್ಲ ಎಂದು ಮಗುವನ್ನು ಶಿಕ್ಷಿಸುವಂತಿಲ್ಲ.

ಮಗು ಠಾಣೆ ಹತ್ತಬೇಕು ಎಂಬ ಭಯವೂ ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ವಿಳಾಸ, ಫೋಟೊ ಹೊರಗೆ ಬಿಡುವುದು ಬೇರೆಯದೇ ಅಪರಾಧ. ವಾಟ್ಸ್ಆಪ್ ಗುಂಪಿಗೆ ಹಾಕುವುದೂ ಅಷ್ಟೇ.

ಇಷ್ಟಕ್ಕೂ ತಿಳಿಸುವುದು ಯಾರಿಗೆ? ಮಕ್ಕಳ ಸಹಾಯವಾಣಿ 1098, ಇಲ್ಲವೇ 112. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಹೆಡ್‌ಮಾಸ್ಟರ್, ಪಿಡಿಒ ಇವರಲ್ಲಿ ಯಾರ ಕಿವಿಗೆ ಹಾಕಿದರೂ ಆಗುತ್ತದೆ, ಪೋಕ್ಸೋ ವಿಷಯವಾದರೆ ಮಾತ್ರ ಪೊಲೀಸರಿಗೇ ತಿಳಿಸಬೇಕು. ಸಾಕ್ಷಿ ಕೈಯಲ್ಲಿರಬೇಕೆಂದಿಲ್ಲ, ಅನುಮಾನ ಸಾಕು. ಪೋಕ್ಸೋ ವಿಷಯದಲ್ಲಿ ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ತನಿಖೆಯವರ ಕೆಲಸ, ತಿಳಿಸುವುದಷ್ಟೇ ನಮ್ಮದು.