ಹಗುರವಾದ ಮಲಗುಬಂಡಿ ಮತ್ತು ಕಾಶಿಯ ಚಳಿ

ಬೆಂಗಳೂರಿನಿಂದ ಕಾಶಿಗೆ ರಸ್ತೆಯ ಮಾರ್ಗವಾಗಿ 1,700 ಕಿಲೋಮೀಟರಿಗೂ ಅಧಿಕ ದೂರ. ಕಾರಿನ ಹಿಂದೆ ಎಳೆದೊಯ್ಯುವ ಮಲಗುಬಂಡಿಯನ್ನು ಸ್ವತಃ ನಿರ್ಮಿಸಬಯಸುವ ಯಾತ್ರಿಕರಿಗೆ ಥರ್ಮೋಕೋಲ್ ಹಲಗೆ ಅನುಕೂಲವಾದ ವಸ್ತು. ಅದರ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಗಾಳಿಯೇ. ಎರಡೂ ಮೈಗೆ ತೆಳುವಾದ ಪ್ಲೈವುಡ್ಡನ್ನು ಅಂಟಿಸಿದರೆ ಹೊರಪದರಗಳು ಎಳೆತ, ಒತ್ತಡಗಳನ್ನು ತಾಳುತ್ತವೆ. ನಡುವಿನ ಹಲಗೆಯು ಅವನ್ನು ಅಂತರದಲ್ಲಿರಿಸಿ ಗೋಡೆಗೆ ಬಿಗುವು ನೀಡುತ್ತದೆ. ಬಡಗಿಗಳ ಬಿಳಿಯ ಅಂಟನ್ನೇ ಬಳಸಬೇಕು. ಥಿನ್ನರ್ ಬೆರೆತ ಅಂಟು ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ.

ಇಂತಹ ಗೋಡೆಯು ಕಾಶಿಯ ಜ್ಯೇಷ್ಠದ ಬಿಸಿಲನ್ನೂ ಪುಷ್ಯದ ಚಳಿಯನ್ನೂ ತಡೆಯುತ್ತದೆ. ಆದರೆ ಉಸಿರಾಟಕ್ಕೆ ಬೇಕಾದ ಗಾಳಿಯನ್ನೂ ತಡೆಯುತ್ತದೆ. ಚಳಿಗಾಲದಲ್ಲಿ ಅಲ್ಲಿನವರು ಅಂಗೀಠಿ ಹೊತ್ತಿಸಿ ಮೈ ಕಾಯಿಸಿಕೊಳ್ಳುವುದು ವಾಡಿಕೆ. ಅದನ್ನು ಬಂಡಿಯೊಳಕ್ಕೆ ಎಂದಿಗೂ ತರಕೂಡದು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಕಂಡೊಡನೆ ಹೊರಕ್ಕೆ ಬಂದು ವೈದ್ಯರ ನೆರವು ಪಡೆಯತಕ್ಕದ್ದು. ನಿದ್ರಿಸುತ್ತಿರುವವರಿಗೆ ಈ ಸೂಚನೆಯೂ ದೊರೆಯದು. ಕಿಡಿ ತಗುಲಿದರೆ ಥರ್ಮೋಕೋಲ್ ಸಹ ಉರಿದು ವಿಷಯುಕ್ತ ಹೊಗೆ ಕಾರುತ್ತದೆ.

ಆದ್ದರಿಂದ ಮೇಲೊಂದು, ಕೆಳಗೊಂದು ಸದಾ ತೆರೆದಿರುವ ಗಾಳಿಕಿಂಡಿಗಳಿರಲಿ. ಕಿಂಡಿಗಳಿವೆಯೆಂದು ಒಳಗೆ ಬೆಂಕಿ ಹೊತ್ತಿಸುವುದು ಸಲ್ಲದು. ಅಡಿಗೆ ಹೊರಗಾಗಲಿ, ಚಳಿಗೆ ಕಂಬಳಿಯೇ ಆಸರೆಯಾಗಲಿ.